ಗಾಜಿನ ಪೆಟ್ಟಿಗೆಯೊಳಗಿನ ಮಸೀದಿ ದೀಪ

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಒಂದು ಸಣ್ಣ ವಸ್ತುಸಂಗ್ರಹಾಲಯ ನೋಡಲು ಹೋಗಿದ್ದೆ. ವರಾಂಡದಲ್ಲಿ ಗೋಡೆಗೆ ಒರಗಿಸಿಟ್ಟ ಕಲ್ಲುಗಳ ನಡುವೆ ಒಂದು ಕಪ್ಪು ಕಲ್ಲಿನ ಮೇಲೆ ನಾಲ್ಕು ಸಾಲು ಬರಹವಿತ್ತು. ಕೆಳಗೆ ಅಂಟಿಸಿದ ಚೀಟಿಯಲ್ಲಿ ‘ಕುರ್‌ಆನ್ ವಾಕ್ಯ, ಮುಸ್ಲಿಂ ಕಾಲ’ ಎಂದಷ್ಟೇ ಬರೆದಿದ್ದರು.

ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವನು. ಹಾಗಾಗಿ ಕಲ್ಲಿನ ಮುಂದೆ ಕುಳಿತು ತಡವರಿಸುತ್ತಾ ಓದತೊಡಗಿದೆ. ಮೊದಲ ಸಾಲು ಬಿಸ್ಮಿಲ್ಲಾ. ಉಳಿದ ಮೂರು ಸಾಲು ಕುರ್‌ಆನ್ ಆಗಿರಲಿಲ್ಲ, ಅರಬಿಯೂ ಆಗಿರಲಿಲ್ಲ. ಅದು ಫಾರ್ಸಿ. ‘ಚಾಹ್’ ಎಂಬ ಪದ ಸ್ಪಷ್ಟವಾಗಿ ಕಾಣುತ್ತಿತ್ತು. ಚಾಹ್ ಎಂದರೆ ಬಾವಿ. ಇನ್ನುಳಿದದ್ದು ನನ್ನ ಅಳವಿಗೆ ಮೀರಿತ್ತು. ಅಕ್ಷರಗಳನ್ನು ಇದ್ದ ಹಾಗೆಯೇ ಒಂದು ಹಾಳೆಗೆ ಇಳಿಸಿಕೊಂಡು ಊರಿಗೆ ಬಂದು ನನ್ನ ಹಳೆಯ ಉರ್ದು ಮಾಸ್ತರರ ಮುಂದಿಟ್ಟೆ. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. “ಇದು ದಾರಿಹೋಕರಿಗಾಗಿ ಒಬ್ಬ ಹೆಣ್ಣುಮಗಳು ಬಾವಿ ತೋಡಿಸಿದ ಸಂಗತಿ. ಕೊನೆಯ ತುಣುಕಿನ ಅಕ್ಷರಗಳನ್ನು ಕೂಡಿಸಿದರೆ ವರ್ಷ ಬರುತ್ತದೆ” ಎಂದರು. ಅಲಿಫ್‌ಗೆ 1, ಬೇಗೆ 2 ಎಂದು ಒಂದೊಂದು ಅಕ್ಷರಕ್ಕೂ ಒಂದು ಬೆಲೆ ಕಟ್ಟಿ ಹಿಜರಿ ವರ್ಷವನ್ನು ಪದಗಳೊಳಗೆ ಬಚ್ಚಿಡುವ ಅಬ್ಜದ್ ಲೆಕ್ಕ ಅದು. ಮಾಸ್ತರರು ಬೆರಳು ಮಡಿಸುತ್ತಾ ಕೂಡಿದರು.

ನೀರು, ಬಾಯಾರಿಕೆ, ಒಬ್ಬ ಹೆಣ್ಣುಮಗಳ ಔದಾರ್ಯ ಎಲ್ಲವೂ ಆ ಕಲ್ಲಿನಲ್ಲಿತ್ತು. ಚೀಟಿಯಲ್ಲಿದ್ದುದು ಒಂದು ಧರ್ಮದ ಹೆಸರು ಮಾತ್ರ. ಅಂದಿನಿಂದ ಯಾವುದೇ ವಸ್ತುಸಂಗ್ರಹಾಲಯದ ವಿಷಯ ಓದಿದರೂ, ‘ಇಸ್ಲಾಮಿ ಕಲೆ’ ಎಂಬ ಫಲಕ ಕಂಡರೂ ನನಗೆ ಆ ಬಾವಿಯ ನೆನಪಾಗುತ್ತದೆ. ಈ ವಸ್ತುಗಳನ್ನು ಮೊದಲು ಒಂದೆಡೆ ಕೂಡಿಸಿದವರು ಯಾರು? ಅವುಗಳಿಗೆ ಈ ಹೆಸರು ಕೊಟ್ಟವರು ಯಾರು? ಹೆಸರಿನಿಂದ ಏನು ಉಳಿಯಿತು, ಏನು ಮರೆಯಾಯಿತು?

ಕೈರೋದ ಮಸೀದಿಯ ಅಂಗಳದಲ್ಲಿ

ಈ ಕತೆಯ ಒಂದು ಮುಖ್ಯ ಅಧ್ಯಾಯ ಕೈರೋ ನಗರದಲ್ಲಿ ನಡೆಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಹಳೆಯ ಮಸೀದಿಗಳು ಶಿಥಿಲವಾಗಿದ್ದವು. ಹೊಸ ರಸ್ತೆಗಳಿಗಾಗಿ ಕಟ್ಟಡಗಳನ್ನು ಕೆಡವಲಾಗುತ್ತಿತ್ತು. ಯುರೋಪಿನ ಸಂಗ್ರಾಹಕರು ಮಸೀದಿಯ ದೀಪ, ಮಿಂಬರಿನ ಕೆತ್ತನೆಯ ಹಲಗೆ, ಬಾಗಿಲಿನ ಹಿತ್ತಾಳೆ ತಗಡುಗಳನ್ನು ಕೊಂಡೊಯ್ಯುತ್ತಿದ್ದರು. ಇವು ವಕ್ಫ್‌ನ ಸೊತ್ತುಗಳು. ಅಲ್ಲಾಹನ ಹೆಸರಿನಲ್ಲಿ ಬಿಟ್ಟುಕೊಟ್ಟದ್ದನ್ನು ಮಾರುವ ಹಕ್ಕು ಯಾರಿಗೂ ಇರಲಿಲ್ಲ. ಆದರೂ ಮಾರಾಟ ನಡೆಯುತ್ತಿತ್ತು. ಕಾವಲುಗಾರನ ಬಡತನ ಮತ್ತು ಕೊಳ್ಳುವವನ ಹಣ ಎರಡೂ ಸೇರಿದರೆ ಆಗುವುದೇ ಇದು.

1881ರಲ್ಲಿ ಖೇದಿವ್ ತೌಫೀಕ್ ಕಾಲದಲ್ಲಿ ವಕ್ಫ್ ಸಚಿವಾಲಯದಡಿ ಅರಬ್ ಕಲೆಯ ಸ್ಮಾರಕಗಳ ರಕ್ಷಣಾ ಸಮಿತಿ ಹುಟ್ಟಿಕೊಂಡಿತು. ಅದೇ ಸುಮಾರಿನಲ್ಲಿ ಫ್ರಾಂಝ್ ಪಾಷಾ ಎಂಬ ವಾಸ್ತುಶಿಲ್ಪಿ ಬಿದ್ದುಹೋಗುತ್ತಿದ್ದ ಕಟ್ಟಡಗಳಿಂದ ವಸ್ತುಗಳನ್ನು ತಂದು ಅಲ್ ಹಾಕಿಮ್ ಮಸೀದಿಯಲ್ಲಿ ಕೂಡಿಡತೊಡಗಿದರು. ಫಾತಿಮೀ ಖಲೀಫರ ಕಾಲದ ಆ ಮಸೀದಿಯೂ ಆಗ ಹಾಳುಬಿದ್ದಿತ್ತು. ಅಂದರೆ ಕೈರೋದ ಈ ವಸ್ತುಸಂಗ್ರಹಾಲಯ ಹುಟ್ಟಿದ್ದು ಒಂದು ಮಸೀದಿಯೊಳಗೆ. ಸಂಗ್ರಹ ಬೆಳೆದು ಜಾಗ ಸಾಲದಾದಾಗ ಬಾಬ್ ಅಲ್ ಖಲ್ಕ್ ಎಂಬಲ್ಲಿ ದೊಡ್ಡ ಕಟ್ಟಡ ಕಟ್ಟಿ 1903ರ ಡಿಸೆಂಬರ್‌ನಲ್ಲಿ ತೆರೆದರು. ಅದಕ್ಕೆ ಇಟ್ಟ ಹೆಸರು ‘ದಾರ್ ಅಲ್ ಆಸಾರ್ ಅಲ್ ಅರಬಿಯ್ಯ’, ಅರಬ್ ಪ್ರಾಚೀನ ವಸ್ತುಗಳ ಮನೆ. ಬಹಳ ಕಾಲ ಅದರ ಮೇಲ್ವಿಚಾರಣೆ ನಡೆಸಿದವರು ಹಂಗೇರಿಯ ಮ್ಯಾಕ್ಸ್ ಹರ್ಝ್. ಅವರ ನಂತರದ ಅಲೀ ಬಹ್ಜತ್ ಈಜಿಪ್ಟಿನವರೇ. ಅವರು ಫುಸ್ತಾತ್‌ನ ಕಸದ ದಿಬ್ಬಗಳನ್ನು ಅಗೆಸಿ ಹಳೆಯ ನಗರದ ಮಡಕೆ ಚೂರು, ಬಟ್ಟೆ ತುಂಡುಗಳನ್ನು ಬೆಳಕಿಗೆ ತಂದರು. ಸುಲ್ತಾನರ ಸೊತ್ತಿನ ಪಕ್ಕದಲ್ಲಿ ಸಾಮಾನ್ಯರ ಅಡಿಗೆಮನೆಗೂ ಜಾಗ ಸಿಕ್ಕಿತು.

1952ರಲ್ಲಿ ಆ ಮನೆಯ ಹೆಸರು ಬದಲಾಗಿ ‘ಇಸ್ಲಾಮಿ ಕಲೆಯ ವಸ್ತುಸಂಗ್ರಹಾಲಯ’ವಾಯಿತು. ಕಾರಣ ಸರಳ. ಒಳಗಿದ್ದ ಇರಾನಿನ ರತ್ನಗಂಬಳಿ, ತುರ್ಕಿಯ ಪಿಂಗಾಣಿಗಳಿಗೆ ಅರಬ್ ಎಂಬ ಅಂಗಿ ಬಿಗಿಯಾಗುತ್ತಿತ್ತು. ಆದರೆ ಹೊಸ ಅಂಗಿ ಎಲ್ಲರಿಗೂ ಸರಿಹೊಂದಿತೇ?

ದೀಪ ಏನು ಹೇಳುತ್ತದೆ

ಕೈರೋ ಸಂಗ್ರಹದ ಕಿರೀಟವೆಂದರೆ ಮಮ್ಲೂಕ್ ಸುಲ್ತಾನರ ಕಾಲದ ಗಾಜಿನ ಮಸೀದಿ ದೀಪಗಳು. 1356ರಲ್ಲಿ ಕಟ್ಟಲು ಆರಂಭಿಸಿದ ಸುಲ್ತಾನ್ ಹಸನ್ ಮಸೀದಿಯ ದೀಪಗಳು ಅವುಗಳಲ್ಲಿ ಪ್ರಸಿದ್ಧ. ಅಗಲ ಬಾಯಿ, ಉಬ್ಬಿದ ಹೊಟ್ಟೆ, ಸರಪಳಿ ತೂಗಲು ಸುತ್ತ ಕಿವಿಗಳು. ಊದಿದ ಗಾಜಿನ ಮೇಲೆ ಬಂಗಾರದ ನೀರು, ನೀಲಿ ಕೆಂಪು ಬಣ್ಣದ ಎನಾಮಲ್ ಬಳಿದು ಮತ್ತೆ ಕುಲುಮೆಯಲ್ಲಿ ಬೇಯಿಸಿದ್ದು. ಒಳಗೊಂದು ಪುಟ್ಟ ಎಣ್ಣೆಪಾತ್ರೆ ಇಟ್ಟು ಬತ್ತಿ ಹಚ್ಚುತ್ತಿದ್ದರು.

ಇಂಥ ಹಲವು ದೀಪಗಳ ಕತ್ತಿನ ಸುತ್ತ ಕುರ್‌ಆನಿನ ನೂರ್ ಅಧ್ಯಾಯದ ಪ್ರಸಿದ್ಧ ಆಯತ್ ಇದೆ. ಗೂಡಿನಲ್ಲಿಟ್ಟ ದೀಪದ ಉಪಮೆ ಬರುವ ಆಯತ್ ಅದು. ಹೊಟ್ಟೆಯ ಮೇಲೆ ದೀಪ ಮಾಡಿಸಿಕೊಟ್ಟ ಸುಲ್ತಾನನ ಅಥವಾ ಅಮೀರನ ಹೆಸರು. ರಾತ್ರಿ ನಮಾಜಿಗೆ ಬಂದವನು ತಲೆಯೆತ್ತಿದರೆ ದೀಪವನ್ನು ಕುರಿತ ಮಾತು ದೀಪದ ಬೆಳಕಿನಲ್ಲೇ ಹೊಳೆಯುತ್ತಿತ್ತು. ಕೂಡಲೇ ಕೆಳಗೆ ದಾನಿಯ ಹೆಸರೂ ಹೊಳೆಯುತ್ತಿತ್ತು. ಭಕ್ತಿ ಮತ್ತು ಅಧಿಕಾರ ಒಂದೇ ಗಾಜಿನ ಮೇಲೆ!

ಈಗ ಅದು ಗಾಜಿನ ಪೆಟ್ಟಿಗೆಯೊಳಗಿದೆ. ಬತ್ತಿಯಿಲ್ಲ, ಎಣ್ಣೆಯಿಲ್ಲ, ಸರಪಳಿಯಿಲ್ಲ. ಹೊರಗಿನ ವಿದ್ಯುದ್ದೀಪ ಅದರ ಮೇಲೆ ಬೆಳಕು ಚೆಲ್ಲುತ್ತದೆ. ಇತರರಿಗೆ ಬೆಳಕು ಕೊಡುತ್ತಿದ್ದ ದೀಪ ಬೇರೆಯವರ ಬೆಳಕಿನಲ್ಲಿ ನಿಲ್ಲಬೇಕಾಗಿದೆ. ಹಾಗೆಂದು ಅದನ್ನು ಮಸೀದಿಯಲ್ಲೇ ಬಿಟ್ಟಿದ್ದರೆ? ಒಡೆದು ಚೂರಾಗುತ್ತಿತ್ತು, ಅಥವಾ ಪ್ಯಾರಿಸಿನ ಯಾವುದೋ ಶ್ರೀಮಂತನ ಬೈಠಕ್ ಸೇರುತ್ತಿತ್ತು. ವಸ್ತುಪಾಲಕನ, ಅಂದರೆ ಕ್ಯುರೇಟರನ ಕೆಲಸದ ಕಷ್ಟ ಇರುವುದೇ ಇಲ್ಲಿ. ವಸ್ತುವನ್ನು ಉಳಿಸಲು ಅದರ ಬದುಕಿನಿಂದ ಅದನ್ನು ಬೇರ್ಪಡಿಸಬೇಕು. ಬೇರ್ಪಡಿಸಿದ ಮೇಲೆ ಆ ಬದುಕನ್ನು ಒಂದು ಚೀಟಿಯ ಮೇಲೆ, ನಾಲ್ಕು ಸಾಲಿನಲ್ಲಿ, ನೋಡುವವನಿಗೆ ಹಿಂತಿರುಗಿಸಬೇಕು. ಎರಡನೆಯ ಕೆಲಸ ಮಾಡದಿದ್ದರೆ ಮೊದಲನೆಯದು ಬರೀ ದಾಸ್ತಾನು.

ಪೆಟ್ಟಿಗೆಯೊಳಗೂ ಸುರಕ್ಷತೆಯ ಭರವಸೆಯಿಲ್ಲ. 2014ರ ಜನವರಿ 24ರಂದು ಕೈರೋ ಸಂಗ್ರಹಾಲಯದ ಎದುರಿನ ಪೊಲೀಸ್ ಕೇಂದ್ರಕ್ಕೆ ಇಟ್ಟ ಕಾರ್ ಬಾಂಬ್ ಸಿಡಿದು ಈ ಕಟ್ಟಡದ ಛಾವಣಿ, ಕಿಟಕಿ, ಪೆಟ್ಟಿಗೆಗಳು ಪುಡಿಯಾದವು. ನೂರಕ್ಕೂ ಹೆಚ್ಚು ವಸ್ತುಗಳಿಗೆ ಏಟು ಬಿತ್ತು. ಗಾಜಿನ ದೀಪಗಳೂ ಅವುಗಳಲ್ಲಿದ್ದವು. ಅಲ್ಲಿನ ಸಿಬ್ಬಂದಿ ನೆಲದ ಮೇಲಿನ ಗಾಜಿನಲ್ಲಿ ಕಿಟಕಿಯದು ಯಾವುದು, ದೀಪದ್ದು ಯಾವುದು ಎಂದು ಆರಿಸಿ ಜೋಡಿಸಬೇಕಾಯಿತು. ಸಂಗ್ರಹಾಲಯ ಮತ್ತೆ ತೆರೆದದ್ದು 2017ರ ಜನವರಿಯಲ್ಲಿ. ಶತಮಾನಗಳನ್ನು ದಾಟಿ ಬಂದ ಗಾಜನ್ನು ಒಂದು ಬೆಳಗಿನ ದ್ವೇಷ ಒಡೆಯಿತು. ಮೂರು ವರ್ಷಗಳ ತಾಳ್ಮೆ ಅಂಟಿಸಿತು.

ಹೆಸರು ಬರೆದವರು, ಹೆಸರು ಕಳೆದುಕೊಂಡವರು

ಇಸ್ಲಾಮಿ ಕಲೆಯಲ್ಲಿ ಕಲಾವಿದನ ಹೆಸರೇ ಇರುವುದಿಲ್ಲ, ಎಲ್ಲವೂ ಅನಾಮಿಕ ಎಂಬ ಮಾತೊಂದು ಚಾಲ್ತಿಯಲ್ಲಿದೆ. ಇದು ಪೂರ್ತಿ ನಿಜವಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಬೆಳ್ಳಿ ಕೂರಿಸಿದ ಒಂದು ಹಿತ್ತಾಳೆ ಹೂಜಿಯಿದೆ. ಶುಜಾ ಇಬ್ನ್ ಮನ್‌ಆ ಎಂಬ ಕುಶಲಿ ತನ್ನ ಹೆಸರನ್ನೂ, ಹಿಜರಿ 629ರ ರಜಬ್ ತಿಂಗಳನ್ನೂ, ಮೊಸುಲ್ ಊರನ್ನೂ ಅದರ ಮೇಲೆ ಕೆತ್ತಿದ್ದಾನೆ. ಅದು ಕ್ರಿಸ್ತಶಕ 1232. ಆದರೆ ಜಗತ್ತು ಆ ಹೂಜಿಯನ್ನು ಕರೆಯುವುದು ‘ಬ್ಲಾಕಾಸ್ ಹೂಜಿ’ ಎಂದು, ಅದನ್ನು ಸಂಗ್ರಹಿಸಿದ್ದ ಫ್ರೆಂಚ್ ಪ್ರಭುವಿನ ಹೆಸರಿನಿಂದ. ಮಾಡಿದವನ ಹೆಸರು ಲೋಹದ ಮೇಲೆ ಉಳಿಯಿತು, ಕೊಂಡವನ ಹೆಸರು ಬಾಯಿಗಳಲ್ಲಿ ಉಳಿಯಿತು.

ಪ್ಯಾರಿಸಿನ ಲೂವ್ರ್‌ನಲ್ಲಿರುವ ದೊಡ್ಡ ಹಿತ್ತಾಳೆ ಬೋಗುಣಿಯದೂ ಇದೇ ಪಾಡು. ಮಮ್ಲೂಕರ ಕಾಲದ ಅದರ ಮೇಲೆ ಮುಹಮ್ಮದ್ ಇಬ್ನ್ ಅಲ್ ಝೈನ್ ಒಂದಲ್ಲ, ಆರು ಕಡೆ ತನ್ನ ಹೆಸರು ಬರೆದಿದ್ದಾನೆ. ಅದು ಫ್ರಾನ್ಸ್ ಸೇರಿ ರಾಜಮನೆತನದ ಮಕ್ಕಳ ಜ್ಞಾನಸ್ನಾನಕ್ಕೆ ಬಳಕೆಯಾಯಿತು. 1606ರಲ್ಲಿ ಹದಿಮೂರನೆಯ ಲೂಯಿಗೆ ಅದರಲ್ಲೇ ದೀಕ್ಷೆ ಕೊಟ್ಟರು. ಹೆಸರು ‘ಸಂತ ಲೂಯಿಯ ಜ್ಞಾನಸ್ನಾನ ಪಾತ್ರೆ’. ಸಂತ ಲೂಯಿ ತೀರಿಕೊಂಡು ಹಲವು ದಶಕಗಳಾದ ಮೇಲೆ ತಯಾರಾದ ಪಾತ್ರೆಯದು! ಮುಸ್ಲಿಮ್ ಕುಶಲಿ ಮಾಡಿದ ಪಾತ್ರೆಯಲ್ಲಿ ಕ್ರೈಸ್ತ ರಾಜಕುಮಾರರ ತಲೆಗೆ ನೀರೆರೆದ ಈ ಚರಿತ್ರೆಯನ್ನು ‘ಇಸ್ಲಾಮಿ’ ಎಂಬ ಒಂದೇ ಪದದಲ್ಲಿ ಹೇಗೆ ಹಿಡಿಯುವಿರಿ?

ಇರಾನಿನ ಅರ್ದಬೀಲ್ ರತ್ನಗಂಬಳಿಯನ್ನು ನೋಡಿ. ಶೇಖ್ ಸಫೀಉದ್ದೀನರ ದರ್ಗಾದಲ್ಲಿ ಹಾಸಿದ್ದ ಒಂದು ಜೋಡಿ ಅದು. ಹಿಜರಿ 946, ಅಂದರೆ 1539-40 ಎಂಬ ವರ್ಷವೂ ಮಕ್ಸೂದ್ ಕಾಶಾನಿ ಎಂಬ ಹೆಸರೂ ಅದರಲ್ಲಿ ನೇಯ್ದಿವೆ. ಹತ್ತೂವರೆ ಮೀಟರ್ ಉದ್ದ, ಎರಡೂವರೆ ಕೋಟಿಗೂ ಹೆಚ್ಚು ಗಂಟು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದು ದರ್ಗಾದಿಂದ ವ್ಯಾಪಾರಿಗಳ ಕೈಸೇರಿತು. ಒಂದು ಗಂಬಳಿಯ ಹರಕನ್ನು ಮುಚ್ಚಲು ಇನ್ನೊಂದನ್ನು ಕತ್ತರಿಸಿದರು. ರಿಪೇರಿಯಾದದ್ದನ್ನು 1893ರಲ್ಲಿ ವಿಲಿಯಂ ಮಾರಿಸ್ ಅವರ ಶಿಫಾರಸಿನ ಮೇಲೆ ಇಂದಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ 2,000 ಪೌಂಡಿಗೆ ಕೊಂಡಿತು. ಅಂಗಚ್ಛೇದವಾದ ಜೋಡಿ ಇಂದು ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿದೆ.

ಲಂಡನ್ನಿನಲ್ಲಿ ಅದು ದೀರ್ಘಕಾಲ ಗೋಡೆಗೆ ತೂಗುತ್ತಿತ್ತು, ಚಿತ್ರಪಟದ ಹಾಗೆ. 2006ರಲ್ಲಿ ಹೊಸ ಗ್ಯಾಲರಿ ತೆರೆದಾಗ ಅದನ್ನು ನೆಲದ ಮಟ್ಟಕ್ಕಿಳಿಸಿ ಸುತ್ತ ಗಾಜು ಕಟ್ಟಿದರು. ಬಣ್ಣ ಮಾಸದಂತೆ ಪ್ರತಿ ಅರ್ಧ ಗಂಟೆಗೆ ಹತ್ತು ನಿಮಿಷ ಮಾತ್ರ ದೀಪ ಹಚ್ಚುವ ವ್ಯವಸ್ಥೆ ಮಾಡಿದರು. ಗೋಡೆಯಿಂದ ನೆಲಕ್ಕೆ ಎಂಬ ಬದಲಾವಣೆ ಸಣ್ಣದೆನಿಸಬಹುದು. ಆದರೆ ಗೋಡೆಯ ಮೇಲಿದ್ದಾಗ ಅದನ್ನು ತಲೆಯೆತ್ತಿ ನೋಡಬೇಕಿತ್ತು. ನೆಲಕ್ಕೆ ಬಂದಾಗ ತಲೆ ಬಾಗಬೇಕು. ದರ್ಗಾದಲ್ಲಿ ಅದರ ಮೇಲೆ ಕುಳಿತಿದ್ದವರೂ ತಲೆ ಬಾಗಿದವರೇ. ಒಂದು ಮಾತೂ ಬರೆಯದೆ, ವಸ್ತುವನ್ನು ಇಡುವ ರೀತಿಯಿಂದಲೇ ಅದರ ಬದುಕನ್ನು ಹೇಳಬಹುದು ಎಂಬುದಕ್ಕೆ ಇದು ಉದಾಹರಣೆ.

ಅಲೆಪ್ಪೊದ ಕೋಣೆ

ಬರ್ಲಿನ್ನಿನಲ್ಲಿ 1904ರಲ್ಲಿ ಇಸ್ಲಾಮಿ ಕಲಾ ವಿಭಾಗ ಶುರುವಾಯಿತು. ಅದರ ಬುನಾದಿ ಮ್‌ಶತ್ತಾ ಎಂಬ ಉಮಯ್ಯಾ ಕಾಲದ ಅರಮನೆಯ ಕೆತ್ತನೆಯ ಮುಂಗೋಡೆ. ಇಂದಿನ ಜೋರ್ಡಾನ್‌ನಲ್ಲಿದ್ದ ಅದನ್ನು ತುರ್ಕಿಯ ಸುಲ್ತಾನ್ ಎರಡನೆಯ ಅಬ್ದುಲ್ ಹಮೀದ್ ಜರ್ಮನಿಯ ಕೈಸರನಿಗೆ ಉಡುಗೊರೆ ಕೊಟ್ಟಿದ್ದರು. ಒಬ್ಬ ದೊರೆ ಇನ್ನೊಬ್ಬ ದೊರೆಗೆ ಒಂದು ಅರಮನೆಯ ಗೋಡೆಯನ್ನೇ ಕೊಟ್ಟುಬಿಡಬಹುದಾದ ಕಾಲ ಅದು. ಮುಂದೆ ಈ ಸಂಗ್ರಹ ಪೆರ್ಗಾಮನ್ ಕಟ್ಟಡಕ್ಕೆ ಬಂತು.

ಅಲ್ಲಿನ ಇನ್ನೊಂದು ಹೆಮ್ಮೆ ‘ಅಲೆಪ್ಪೊ ಕೋಣೆ’. 1600ರ ಆಸುಪಾಸಿನ ಬಣ್ಣದ ಮರದ ಹಲಗೆಗಳ ಬೈಠಕ್‌ಖಾನೆಯದು. 1912ರಲ್ಲಿ ಕೊಂಡದ್ದು. ಅದರ ಯಜಮಾನ ಈಸಾ ಬಿನ್ ಬುತ್ರುಸ್ ಎಂಬ ಕ್ರೈಸ್ತ ದಲ್ಲಾಳಿ. ಹಲಗೆಗಳ ಮೇಲೆ ಮಗುವನ್ನೆತ್ತಿಕೊಂಡ ಮರಿಯಮ್ಮ ಇದ್ದಾಳೆ, ಲೈಲಾ ಮಜ್ನೂ ಇದ್ದಾರೆ, ಬೈಬಲ್ಲಿನ ಕೀರ್ತನೆಗಳ ಅರಬಿ ವಾಕ್ಯಗಳಿವೆ, ಗಾದೆಗಳಿವೆ, ಹೂ ಬಳ್ಳಿಗಳಿವೆ. ಮುಸ್ಲಿಮ್ ನೆರೆಯವನು ಬಂದರೂ ಯಹೂದಿ ವ್ಯಾಪಾರಿ ಬಂದರೂ ಸಂಕೋಚವಿಲ್ಲದೆ ಕೂರಬಹುದಾಗಿದ್ದ ಕೋಣೆ. ಇಸ್ಲಾಮಿ ಕಲೆಯ ಸಂಗ್ರಹಾಲಯದ ನಡುಮನೆಯಲ್ಲಿ ಒಬ್ಬ ಕ್ರೈಸ್ತನ ಮನೆಯಿದೆ ಎಂಬುದನ್ನು ನಮ್ಮಲ್ಲಿ ಧರ್ಮಕ್ಕೊಂದು ಬೇಲಿ ಹಾಕುವವರೆಲ್ಲ ಒಮ್ಮೆ ಯೋಚಿಸಬೇಕು. ಅವರು ಯಾವ ಧರ್ಮದವರೇ ಆಗಿರಲಿ.

2011ರಲ್ಲಿ ಸಿರಿಯಾ ಹೊತ್ತಿಕೊಂಡಿತು. 2013ರಲ್ಲಿ ಅಲೆಪ್ಪೊದ ಜಾಮಿಯಾ ಮಸೀದಿಯ ಮಿನಾರ್ ಉರುಳಿತು. ಊರು ಬಿಟ್ಟ ಲಕ್ಷಾಂತರ ಜನ ಜರ್ಮನಿ ತಲುಪಿದರು. ಆಗ ಬರ್ಲಿನ್ನಿನ ವಸ್ತುಪಾಲಕರು ಒಂದು ಕೆಲಸ ಮಾಡಿದರು. 2015ರ ಕೊನೆಗೆ ‘ಮುಲ್ತಕಾ’ ಎಂಬ ಯೋಜನೆ ಶುರುಮಾಡಿದರು. ಮುಲ್ತಕಾ ಎಂದರೆ ಸಂಧಿಸುವ ತಾಣ. ಸಿರಿಯಾ, ಇರಾಕ್‌ಗಳಿಂದ ಬಂದ ನಿರಾಶ್ರಿತರಿಗೆ ತರಬೇತಿ ಕೊಟ್ಟು, ತಮ್ಮವರಿಗೆ ತಮ್ಮ ಭಾಷೆಯಲ್ಲೇ ಸಂಗ್ರಹಾಲಯ ತೋರಿಸುವ ಮಾರ್ಗದರ್ಶಕರನ್ನಾಗಿ ಮಾಡಿದರು.

ಕತೆ ಬರೆಯುವವನಾದ ನನಗೆ ಈ ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ನಿರಾಶ್ರಿತರ ಶಿಬಿರದಿಂದ ಬಸ್ಸಿನಲ್ಲಿ ಬಂದ ಒಂದು ಗುಂಪು. ಕೈಯಲ್ಲಿ ಹೊಸ ದೇಶದ ಕಾಗದಪತ್ರ. ಎದುರಿಗೆ ನಾಲ್ಕು ನೂರು ವರ್ಷ ಹಳೆಯ ತಮ್ಮೂರಿನ ಒಂದು ಕೋಣೆ. ಊರಿನಲ್ಲಿ ಮನೆ ಉಳಿದಿದೆಯೋ ಇಲ್ಲವೋ ತಿಳಿಯದು, ಈ ಕೋಣೆ ಮಾತ್ರ ಉಳಿದಿದೆ. ಗೋಡೆಯ ಮೇಲಿನ ಗಾದೆಯನ್ನು ಅವರು ಅನುವಾದವಿಲ್ಲದೆ ಓದಬಲ್ಲರು. ಅಷ್ಟು ವರ್ಷ ‘ಪ್ರದರ್ಶನ’ವಾಗಿದ್ದ ವಸ್ತು ಆ ಗಳಿಗೆಯಲ್ಲಿ ಮತ್ತೆ ಮನೆಯಾಗುತ್ತದೆ. ಅದು ಬರ್ಲಿನ್ನಿಗೆ ಹೋದದ್ದು ಸರಿಯೇ ಎಂಬ ಪ್ರಶ್ನೆ ಇದರಿಂದ ಮುಗಿಯುವುದಿಲ್ಲ. ಆದರೆ ಇಟ್ಟುಕೊಂಡವರು ಅದರ ಭಾಷೆ ಬಲ್ಲವರಿಗೆ ಬಾಗಿಲು ತೆರೆದರು ಎಂಬುದು ದೊಡ್ಡ ಮಾತು.

ಇದೇ ಹೊತ್ತಿನಲ್ಲಿ ಹೆಸರಿನ ಚರ್ಚೆಯೂ ಬಲಿತಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಹದಿನೈದು ಕೋಣೆಗಳನ್ನು 2011ರಲ್ಲಿ ಮತ್ತೆ ತೆರೆದಾಗ ‘ಇಸ್ಲಾಮಿ’ ಎಂಬ ಪದದ ಬದಲು ನಾಡುಗಳ ಹೆಸರು ಬರೆಯಿತು: ಅರಬ್ ನಾಡುಗಳು, ತುರ್ಕಿ, ಇರಾನ್, ಮಧ್ಯ ಏಷ್ಯಾ, ನಂತರದ ಕಾಲದ ದಕ್ಷಿಣ ಏಷ್ಯಾ. ದೋಹಾ ನಗರ 2008ರಲ್ಲಿ ತೆರೆದ ತನ್ನ ಸಂಗ್ರಹಾಲಯಕ್ಕೆ ಹಳೆಯ ಹೆಸರನ್ನೇ ಹೆಮ್ಮೆಯಿಂದ ಇಟ್ಟುಕೊಂಡಿತು. ಎರಡರಲ್ಲೂ ತರ್ಕವಿದೆ. ನಾಡಿನ ಹೆಸರು ಹೇಳಿದರೆ ಜನ ಕಾಣುತ್ತಾರೆ. ಧರ್ಮದ ಹೆಸರು ಹೇಳಿದರೆ ಕೊರ್ದೋವಾದಿಂದ ಬಿಜಾಪುರದವರೆಗೆ ಹರಿದ ಲಿಪಿಯ ನಂಟು ಕಾಣುತ್ತದೆ. ಬಾಗಿಲ ಮೇಲಿನ ಹೆಸರು ಯಾವುದೇ ಇರಲಿ, ಒಳಗಿನ ಚೀಟಿ ಪ್ರಾಮಾಣಿಕವಾಗಿರಬೇಕು. ಯಾರು ಮಾಡಿದರು, ಯಾತಕ್ಕೆ ಮಾಡಿದರು, ಏನು ಬರೆದರು, ಇಲ್ಲಿಗೆ ಹೇಗೆ ಬಂತು? ಈ ನಾಲ್ಕಕ್ಕೆ ಉತ್ತರವಿದ್ದರೆ ಸಾಕು.

ನಮ್ಮ ಬಾಗಿಲಲ್ಲಿ

ಬಿಜಾಪುರದ ಹೆಸರು ಬಂತು. ಅಲ್ಲಿನ ಅಸರ್ ಮಹಲಿನಲ್ಲಿದ್ದ ಆದಿಲಶಾಹಿ ಗ್ರಂಥಭಂಡಾರದ ನೂರಾರು ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು. ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಬಿಜಾಪುರದ ಸುಪ್ರಸಿದ್ಧ ಸಚಿತ್ರ ಗ್ರಂಥ ‘ನುಜೂಮ್ ಅಲ್ ಉಲೂಮ್’ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. 2015ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ ದಖ್ಖನಿನ ಸುಲ್ತಾನರ ಕಲೆಯ ದೊಡ್ಡ ಪ್ರದರ್ಶನ ಮಾಡಿದಾಗ ಬಿಜಾಪುರ, ಬೀದರ್‌ಗಳ ಹೆಸರು ನ್ಯೂಯಾರ್ಕಿನಲ್ಲಿ ಓಡಾಡಿತು. ಸತುವಿನ ಕಪ್ಪು ಮೈಮೇಲೆ ಬೆಳ್ಳಿ ಹೂವರಳಿಸುವ ಬಿದ್ರಿ ಕಲೆ ತನ್ನ ಹೆಸರಿನಲ್ಲೇ ಊರನ್ನು ಹೊತ್ತುಕೊಂಡಿರುವುದರಿಂದ ಯಾವ ಚೀಟಿಯೂ ಅದನ್ನು ಅನಾಥ ಮಾಡಲಾಗಲಿಲ್ಲ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಸಂಗ್ರಹಾಲಯದ ಹುಕ್ಕಾಬುಡಗಳಿಗೆ ಜೀವಂತ ವಾರಸುದಾರರಿದ್ದಾರೆ ಎಂಬುದು ದೇಶಕ್ಕೆ ನೆನಪಾಯಿತು.

ಬಿಜಾಪುರದಲ್ಲಿ ಉಳಿದದ್ದರಲ್ಲಿ ಕೆಲವನ್ನು ಗೋಳಗುಮ್ಮಟದ ಮುಂದಿನ ನಗಾರಖಾನೆಯ ಸಂಗ್ರಹಾಲಯದಲ್ಲಿ ನೋಡಬಹುದು. ಅಲ್ಲಿ ಅರಬಿ, ಫಾರ್ಸಿ, ಕನ್ನಡ, ಸಂಸ್ಕೃತ ಶಾಸನಗಳೂ ಜೈನ ಶಿಲ್ಪಗಳೂ ಆದಿಲಶಾಹಿ ರತ್ನಗಂಬಳಿಗಳೂ ಒಂದೇ ಸೂರಿನಡಿ ಇವೆ. ಆ ನೆರೆಹೊರೆಯೇ ಈ ನೆಲದ ನಿಜವಾದ ಚರಿತ್ರೆ.

ಪರರನ್ನು ದೂರುವುದು ಸುಲಭ. ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಹಳೆಯ ಮಸೀದಿ ಕೆಡವಿ ಹೊಸದು ಕಟ್ಟುವಾಗ ಮಿಂಬರಿನ ಕೆತ್ತಿದ ಮರ ಸೌದೆಯಾದದ್ದನ್ನು ನಾನು ಕಂಡಿದ್ದೇನೆ. ಶಾಸನದ ಮೇಲೆ ಎನಾಮಲ್ ಪೇಂಟ್ ಬಳಿದದ್ದನ್ನು ಕಂಡಿದ್ದೇನೆ. ತಾತನ ಕೈಬರಹದ ಫಾರ್ಸಿ ಪುಸ್ತಕಗಳನ್ನು ಓದುವವರಿಲ್ಲವೆಂದು ಬಾವಿಗೆ ಇಳಿಬಿಟ್ಟ ಮನೆಗಳೂ ಗೊತ್ತು. ಚೀಟಿಯಲ್ಲಿ ತಪ್ಪು ಬರೆದವನಿಗೆ ಆ ಲಿಪಿ ಬರುತ್ತಿರಲಿಲ್ಲ. ಲಿಪಿ ಬರುತ್ತಿದ್ದ ನಾವು ಎಲ್ಲಿದ್ದೆವು?

ಮಾಸ್ತರರು ಓದಿಕೊಟ್ಟದ್ದನ್ನು ನಾನು ಕನ್ನಡದಲ್ಲಿ ಬರೆದು ಆ ಸಂಗ್ರಹಾಲಯದ ಅಧಿಕಾರಿಗೆ ಕೊಟ್ಟು ಬಂದಿದ್ದೆ. ಅವರು ವಿನಯದಿಂದಲೇ ತೆಗೆದುಕೊಂಡು ಫೈಲಿಗೆ ಹಾಕಿದರು. ಕೆಲವು ವರ್ಷಗಳ ನಂತರ ಹೋದಾಗಲೂ ಹಳೆಯ ಚೀಟಿಯೇ ಇತ್ತು. ಅಷ್ಟರಲ್ಲಿ ಮಾಸ್ತರರು ತೀರಿಕೊಂಡಿದ್ದರು. ಅವರ ಕೈಬರಹದ ಆ ಹಾಳೆ ನನ್ನಲ್ಲಿದೆ. ಕೂಡಿದ ಲೆಕ್ಕದ ಅಂಕಿಗಳು ಅಂಚಿನಲ್ಲಿವೆ. ಕಳೆದ ರಜೆಯಲ್ಲಿ ಮಗಳಿಗೆ ಅದನ್ನು ತೋರಿಸಿದೆ. ಕನ್ನಡ ಶಾಲೆಯ ಹುಡುಗಿ, ಉರ್ದು ಅಕ್ಷರಗಳನ್ನು ಈಗಷ್ಟೇ ಕಲಿಯುತ್ತಿದ್ದಾಳೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ‘ಚಾಹ್’ ಎಂದು ಓದಿದಳು. ಹಾಗೆಂದರೇನು ಎಂದು ಕೇಳಿದಳು. ಬಾವಿ ಎಂದೆ. “ಆ ಬಾವಿ ಈಗಲೂ ಇದೆಯಾ?” ಎಂದು ಕೇಳಿದಳು.

ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಮುಂದಿನ ಸಲ ಹೋದಾಗ ಇಬ್ಬರೂ ಹುಡುಕಬೇಕೆಂದಿದ್ದೇವೆ.